ಹನ್ನೊಂದು ಗೋಣಿ ಹಳತು

ನನ್ನವರು ತೀರಿಕೊಂಡ ನಾಲ್ಕನೆಯ ದಿನ ಬೆಳಗ್ಗೆ ನನ್ನ ಮೂಗಿಗೆ ಬೂಷ್ಟಿನ ವಾಸನೆ ಬಡಿಯಿತು.

2023ರ ಫೆಬ್ರವರಿ. ಎರಡನೆಯ ಕೊಯ್ಲಿನ ಅಡಿಕೆ ಅಂಗಳ ತುಂಬ ಹರವಿತ್ತು. ಅವರನ್ನು ಮಲಗಿಸಲು, ಬಂದವರು ಕುಳಿತುಕೊಳ್ಳಲು ಜಾಗ ಬೇಕಾಗಿತ್ತು. ಯಾರೋ ನಾಲ್ಕು ಜನ ಸೇರಿ ಅಷ್ಟೂ ಅಡಿಕೆಯನ್ನು ಅಂಗಳದ ಮೂಲೆಗೆ ರಾಶಿ ಹಾಕಿ ಟಾರ್ಪಾಲು ಮುಚ್ಚಿದ್ದರು. ಅರೆ ಒಣಗಿದ ಅಡಿಕೆ ಅದು. ರಾಶಿಯಲ್ಲಿ ಮುಚ್ಚಿಟ್ಟರೆ ಒಳಗೇ ಬೆವರುತ್ತದೆ. ನಾನು ಎದ್ದು ಹೋಗಿ ಟಾರ್ಪಾಲು ಸರಿಸಿದೆ. ಒಳಗೆ ಕೈ ಹಾಕಿದರೆ ಬಿಸಿ. ಸೆರಗು ಸಿಕ್ಕಿಸಿ ಅಡಿಕೆ ಎಳೆದು ಹರವಲು ತೊಡಗಿದೆ. ಜಗಲಿಯಲ್ಲಿದ್ದ ನೆಂಟರು ಮಾತು ನಿಲ್ಲಿಸಿದರು. ಒಬ್ಬರು ಬಂದು, "ಈಗ ಇದೆಲ್ಲ ಯಾಕೆ, ನಾವು ಯಾರಾದರೂ ಮಾಡುತ್ತೇವೆ" ಎಂದರು. ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಎಂಬತ್ತೆರಡು ವರ್ಷದ ನನ್ನ ಅತ್ತೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಬಂದು ನನ್ನ ಎದುರು ಕುಳಿತರು. ಬೂಷ್ಟು ಹಿಡಿದದ್ದನ್ನು ಒಂದೊಂದಾಗಿ ಹೆಕ್ಕಿ ಬೇರೆ ಹಾಕತೊಡಗಿದರು. ಮಗ ಹೋದ ಮೇಲೆ ಅವರು ಹಾಸಿಗೆ ಬಿಟ್ಟು ಎದ್ದದ್ದು ಅದೇ ಮೊದಲು.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ನಾಲ್ಕು ಕಿಲೋಮೀಟರ್ ಒಳಗೆ, ಗುಡ್ಡದ ಬುಡದಲ್ಲಿದೆ. ಮುರಕಲ್ಲಿನ ಗುಡ್ಡಕ್ಕೆ ಮಾವನವರು ಕೊರೆಸಿದ ಸುರಂಗ ಇದೆ. ಅದರ ನೀರು ದಂಬೆಯಲ್ಲಿ ಹರಿದು ಬಂದು ಕೆರೆಗೆ ಬೀಳುತ್ತದೆ. ಕೆರೆಯ ಕೆಳಗೆ ಹಳೆಯ ತೋಟ. ಅದರಾಚೆ ನನ್ನವರು ಗದ್ದೆಯನ್ನು ತೋಟ ಮಾಡಿ, ವಿಟ್ಲದ ಸಂಶೋಧನಾ ಕೇಂದ್ರದಿಂದ ಮೋಹಿತ್‌ನಗರ ತಳಿಯ ಸಸಿ ತಂದು, ಒಂಬತ್ತು ಅಡಿಗೊಂದರಂತೆ ಹಗ್ಗ ಹಿಡಿದು ನೆಟ್ಟ ಹೊಸ ತೋಟ. ಅಡಿಕೆ, ಎಡೆಯಲ್ಲಿ ಕರಿಮೆಣಸು, ಕೊಕ್ಕೊ, ಬಾಳೆ, ಅಂಚಿನಲ್ಲಿ ತೆಂಗು. ದೊಡ್ಡ ಕುಳವೇನೂ ಅಲ್ಲ. ಆದರೆ ಮೂವತ್ತೊಂದು ವರ್ಷ ಆ ಮನುಷ್ಯ ಅದನ್ನು ಒಂದು ವ್ಯವಹಾರದಂತೆ, ಲೆಕ್ಕ ತಪ್ಪದಂತೆ ನಡೆಸಿದರು. ಶನಿವಾರದ ಬಟವಾಡೆಯನ್ನು ಒಮ್ಮೆಯೂ ಭಾನುವಾರಕ್ಕೆ ದೂಡಿದವರಲ್ಲ. ನನ್ನ ಬಳಿಯಲ್ಲಿ ಹತ್ತು ರೂಪಾಯಿ ಸಾಲ ಪಡೆದರೂ ಪುಸ್ತಕದಲ್ಲಿ ಬರೆಯುತ್ತಿದ್ದರು.

ಅವರ ಒಂದು ಅಭ್ಯಾಸ ಹೇಳಬೇಕು. ಸಂಜೆ ಅಂಗಳಕ್ಕೆ ಇಳಿದು ನಾಲ್ಕು ಕಡೆಯಿಂದ ನಾಲ್ಕು ಅಡಿಕೆ ಹೆಕ್ಕುತ್ತಿದ್ದರು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದರು. ಹಸಿ ಅಡಿಕೆ ಮಾತಾಡುವುದಿಲ್ಲ. ಒಣಗುತ್ತ ಬಂದಂತೆ ಒಳಗಿನ ಬೀಜ ಸಿಪ್ಪೆಯಿಂದ ಬಿಟ್ಟು ಮೊದಲು ಟಪ್ಪೆಂದು ಮೆತ್ತಗೆ, ಆಮೇಲೆ ಗಟ್ಟಿಯಾಗಿ ಕಟಕಟ ಎನ್ನುತ್ತದೆ. ಚೆನ್ನಾಗಿ ಬಿಸಿಲಿದ್ದರೂ ಅದಕ್ಕೆ ನಲವತ್ತು, ನಲವತ್ತೈದು ದಿನ ಬೇಕು. ಅಡುಗೆಮನೆಯ ಕಿಟಕಿಯಿಂದ ನನಗೆ ಕಾಣುತ್ತಿದ್ದದ್ದು ಅವರ ಬೆನ್ನು ಮತ್ತು ಕಿವಿಯ ಬಳಿ ಅಲುಗುವ ಕೈ ಮಾತ್ರ. ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದವರಲ್ಲ. "ಕೇಳಿತಾ" ಎಂದರೆ ಅವರು, "ಕೇಳಿತಾ" ಎಂದರೆ ನಾನು. ಅಡಿಕೆ ಒಣಗಿತು ಎಂದಾದ ದಿನ ಅವರು ಅಂಗಳದಿಂದಲೇ "ಕೇಳಿತಾ?" ಎಂದು ಕೂಗಿ ಕೈಯನ್ನು ಕಿಟಕಿಯತ್ತ ಚಾಚಿ ಅಲುಗಿಸುತ್ತಿದ್ದರು. ಅಷ್ಟು ದೂರಕ್ಕೆ ಏನೂ ಕೇಳುತ್ತಿರಲಿಲ್ಲ. ನಾನು "ಕೇಳಿತು" ಎನ್ನುತ್ತಿದ್ದೆ.

ಅವರು ಹೋದದ್ದು ಬೆಳಗ್ಗೆ ನೀರು ಹಾರಿಸುವ ಜೆಟ್ ಬದಲಿಸಲು ತೋಟಕ್ಕಿಳಿದಾಗ. ಹೃದಯಾಘಾತ. ಕಾಸರಗೋಡು ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟ ಮುಗಿದು ಚಪ್ಪರ ಬಿಚ್ಚಿದ ಮೇಲೆ ಮಾತು ತೋಟದ ಕಡೆ ತಿರುಗಿತು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ, ಮಗಳು ಮದುವೆಯಾಗಿ ಶಿರಸಿಯಲ್ಲಿದ್ದಾಳೆ. "ಅಮ್ಮ, ಚೇಣಿಗೆ ಕೊಡುವ. ನಿಮಗೆ ತಲೆಬಿಸಿ ಬೇಡ" ಎಂದ ಮಗ. ಮೈದುನರೂ ಅದನ್ನೇ ಹೇಳಿದರು. ಅವರಿಗೆ ನನ್ನ ಮೇಲಿದ್ದ ಕನಿಕರ ನಿಜವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚೇಣಿ ಎಂದರೆ ಏನು? ಮರದಲ್ಲಿರುವ ಫಸಲಿಗೆ ಒಬ್ಬ ಬೆಲೆ ಕಟ್ಟುತ್ತಾನೆ, ಕೊಯ್ಯುತ್ತಾನೆ, ಹೋಗುತ್ತಾನೆ. ಮುಂದಿನ ವರ್ಷದ ಹಿಂಗಾರದ, ಅಡಿಕೆ ಹೂವಿನ ಚಿಂತೆ ಅವನಿಗಿಲ್ಲ. ಬುಡಕ್ಕೆ ಸೊಪ್ಪು ಬಿತ್ತೋ, ಚರಂಡಿಯಲ್ಲಿ ನೀರು ನಿಂತಿತೋ ಅವನು ನೋಡುವುದಿಲ್ಲ. ತೋಟವನ್ನು ಮಕ್ಕಳಂತೆ ನೋಡಿದವರ ತೋಟವನ್ನು ಅವರು ಹೋದ ತಿಂಗಳಿಗೇ ಹಾಗೆ ಬಿಡಲು ನನಗೆ ಮನಸ್ಸು ಒಪ್ಪಲಿಲ್ಲ. "ಒಂದು ವರ್ಷ ನೋಡುತ್ತೇನೆ. ಅವರ ವರ್ಷಾಂತದ ಕ್ರಿಯೆ ಕಳೆಯಲಿ, ಆಮೇಲೆ ಮಾತಾಡುವ" ಎಂದೆ. ಅಷ್ಟು ಹೇಳಿ ಒಳಗೆ ಹೋದ ಮೇಲೆ ನನಗೆ ಕೈಕಾಲು ನಡುಗಿತು. ಮೂವತ್ತೊಂದು ವರ್ಷ ಆ ತೋಟದ ಕೆಲಸದವರಿಗೆ ಬೇಯಿಸಿ ಬಡಿಸಿದ್ದೆ. ಹಾಳೆ, ಸೋಗೆ ಹೆಕ್ಕಿದ್ದೆ, ಅಡಿಕೆ ಸುಲಿದಿದ್ದೆ. ಆದರೆ ಯಾವ ಕೆಲಸವನ್ನು ಯಾವ ವಾರ ಶುರು ಮಾಡಬೇಕು ಎಂದು ನಿರ್ಧರಿಸುವ ಹೊಣೆ ಎಂದೂ ನನ್ನದಾಗಿರಲಿಲ್ಲ.

ಮೊದಲು ಎದುರಾದದ್ದು ಕಾಗದಪತ್ರ. ಅವರು ಉಯಿಲು ಬರೆದಿರಲಿಲ್ಲ. ಐವತ್ತೊಂಬತ್ತಕ್ಕೆ ಯಾರು ಬರೆಯುತ್ತಾರೆ? ಪಂಚಾಯತಿನಿಂದ ಮರಣ ಪ್ರಮಾಣಪತ್ರ ಬೇಗ ಸಿಕ್ಕಿತು. ಆಮೇಲೆ ವಾರಸುದಾರರ ಪ್ರಮಾಣಪತ್ರಕ್ಕೆ ಅರ್ಜಿ. ಗ್ರಾಮ ಕಚೇರಿಯವರು ವಿಚಾರಣೆ ಮಾಡಿ ವರದಿ ಕಳಿಸಬೇಕು, ಗೆಜೆಟ್‌ನಲ್ಲಿ ಪ್ರಕಟವಾಗಬೇಕು, ಮೂವತ್ತು ದಿನ ಯಾರದಾದರೂ ಆಕ್ಷೇಪ ಇದೆಯೇ ಎಂದು ಕಾಯಬೇಕು, ಆಮೇಲೆ ತಹಶೀಲ್ದಾರರ ಸಹಿ. ಅದು ಕೈಗೆ ಬಂದ ಮೇಲೆ ಜಾಗದ ಹೆಸರು ಬದಲಾವಣೆ. ಇಲ್ಲಿ ಅದಕ್ಕೆ 'ಪೋಕ್ಕುವರವ್' ಎನ್ನುತ್ತಾರೆ. ನಾನು ವಿಟ್ಲ ಸೀಮೆಯ ಹುಡುಗಿ. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಮಾವನ ಕಾಲದ, ಈ ಸೀಮೆ ಕೇರಳಕ್ಕೆ ಸೇರಿದ 1956ಕ್ಕಿಂತ ಹಿಂದಿನ ದಾಖಲೆಗಳೆಲ್ಲ ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಇವೆ. ಅದೇ ಜಾಗದ ಈಗಿನ ಕಾಗದ ಮಲಯಾಳದಲ್ಲಿದೆ. ನನ್ನವರು ಎರಡನ್ನೂ ಸರಾಗ ಓದುತ್ತಿದ್ದರು, ಹಾಗಾಗಿ ನನಗೆ ಆ ಕೊರತೆ ಗೊತ್ತೇ ಆಗಿರಲಿಲ್ಲ. ನೆರೆಮನೆಯ ಏಳನೆಯ ತರಗತಿಯ ಹುಡುಗಿ ಶಾಲೆ ಬಿಟ್ಟು ಬಂದವಳು ನಮ್ಮ ಜಗಲಿಯಲ್ಲಿ ಕುಳಿತು ಒಂದೊಂದು ಸಾಲಿಗೂ ಬೆರಳಿಟ್ಟು ಓದಿ ಹೇಳಿದಳು. "ಮರಿಚ್ಚ ಆಳ್", ಅಂದರೆ ತೀರಿಕೊಂಡ ವ್ಯಕ್ತಿ, ಎಂಬ ಕಡೆ ಬಂದಾಗ ತಡೆದು ನನ್ನ ಮುಖ ನೋಡಿದಳು. "ಓದು ಮಗಳೇ" ಎಂದೆ.

ಮಂಜೇಶ್ವರ ತಾಲೂಕು ಕಚೇರಿ ಇರುವುದು ಉಪ್ಪಳದಲ್ಲಿ. ನಮ್ಮ ಮನೆಯಿಂದ ಎರಡು ಬಸ್ ಬದಲಿಸಬೇಕು. ಐದು ಸಲ ಹೋದೆ. ಒಂದು ಕಚೇರಿಯಲ್ಲಿ ಕನ್ನಡದಲ್ಲಿ ಬರೆದ ಅರ್ಜಿಯನ್ನು ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರು. ಭಾಷಾ ಅಲ್ಪಸಂಖ್ಯಾತರಾಗಿ ನಮಗೆ ಆ ಹಕ್ಕಿದೆ. ಇವರು ಇದ್ದಾಗ ಯಾರ ಯಾರ ಪರವಾಗಿಯೋ ಇದೇ ಮಾತನ್ನು ವಾದಿಸಿ ಬಂದು ಊಟಕ್ಕೆ ಕುಳಿತು ಹೇಳುತ್ತಿದ್ದರು. ಅವರು ಹೇಳುತ್ತಿದ್ದ ಮಾತನ್ನೇ, ಅದೇ ಸಮಾಧಾನದಲ್ಲಿ ಹೇಳಿದೆ. ಅರ್ಜಿ ತೆಗೆದುಕೊಂಡರು.

ಕಾನೂನಿನ ಪ್ರಕಾರ ಹೆಂಡತಿ, ಮಕ್ಕಳ ಜೊತೆಗೆ ತಾಯಿಯೂ ಸಮಾನ ವಾರಸುದಾರಳು. ಅತ್ತೆಯ ಹೆಸರೂ ಪಟ್ಟಿಯಲ್ಲಿತ್ತು. ಸಹಿಗೆಂದು ಕಾಗದ ಮುಂದಿಟ್ಟಾಗ ಅವರು ಕನ್ನಡಕ ಹಾಕಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಮಗನ ಆಸ್ತಿಗೆ ನಾನು ವಾರಸುದಾರಳೇ? ಅವನಲ್ಲವೇ ನನ್ನದಕ್ಕೆ?" ಎಂದರು. ಪೆನ್ನು ಹಿಡಿದ ಕೈ ಕಾಗದದ ಮೇಲೆ ತುಂಬ ಹೊತ್ತು ನಿಂತಿತ್ತು.

ಇನ್ನು ಅವರ ಪುಸ್ತಕಗಳ ವಿಷಯ. ಉದ್ದನೆಯ ಲೆಕ್ಕದ ಪುಸ್ತಕಗಳು, ವರ್ಷಕ್ಕೊಂದರಂತೆ. ಎಡಪುಟದಲ್ಲಿ ದಿನದ ಕೆಲಸ ಮತ್ತು ಸಂಬಳ, ಬಲಪುಟದ ಅಂಚಿನಲ್ಲಿ ಮಳೆ. ಅಂಗಳದ ತುದಿಯಲ್ಲಿ ಮಳೆಮಾಪಕ ಇಟ್ಟುಕೊಂಡಿದ್ದರು. ದಿನಾ ಬೆಳಗ್ಗೆ ಎಂಟೂವರೆಗೆ ನೋಡಿ ಮಿಲಿಮೀಟರ್ ಲೆಕ್ಕದಲ್ಲಿ ಬರೆಯುತ್ತಿದ್ದರು. ಮಾರ್ಚ್ ತಿಂಗಳಿಂದ ನಾನು ಆ ಪುಸ್ತಕಗಳನ್ನು ಮಗ್ಗುಲಲ್ಲಿಟ್ಟುಕೊಂಡು ಹಿಂದಿನ ವರ್ಷ ಇದೇ ವಾರ ಏನು ಮಾಡಿದ್ದರು ಎಂದು ನೋಡಿ ಮರುದಿನದ ಕೆಲಸ ಹೇಳುತ್ತಿದ್ದೆ. ಆ ಬೇಸಗೆ ಸುರಂಗದ ನೀರು ಕಿರುಬೆರಳು ಗಾತ್ರಕ್ಕೆ ಇಳಿಯಿತು. 2019ರ ಪುಸ್ತಕದಲ್ಲಿ "ಹಳೆ ತೋಟಕ್ಕೆ ನಾಲ್ಕು ದಿನಕ್ಕೊಮ್ಮೆ, ಹೊಸತಕ್ಕೆ ಮೂರು" ಎಂದಿತ್ತು. ಹಾಗೇ ಮಾಡಿದೆ. ಮರ ಒಣಗಲಿಲ್ಲ.

ಆದರೆ ಪುಸ್ತಕದಲ್ಲಿ ಎಲ್ಲವೂ ಇರುವುದಿಲ್ಲ. ಅದು ಗೊತ್ತಾದದ್ದು ಮದ್ದು ಬಿಡುವ ಸಮಯಕ್ಕೆ.

ಅಡಿಕೆ ಬೆಳೆಗಾರರಿಗೆ ವರ್ಷದ ದೊಡ್ಡ ಪರೀಕ್ಷೆ ಅದು. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಹಸಿರು ಕಾಯಿ ನೀರು ನುಂಗಿದಂತಾಗಿ ಗೊನೆ ಗೊನೆಯೇ ಉದುರುತ್ತದೆ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಗೊನೆಗೆ ಹಿಡಿಯುವಂತೆ ಬಿಡಬೇಕು. ಪುಸ್ತಕದಲ್ಲಿ ಇದ್ದದ್ದು ಇಷ್ಟೇ: "ಮೈ.ತು. 1, ಸು. 1, ನೀರು 100." ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮದ್ದು ತಯಾರಿಸುವುದನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಜೂನ್ ತಿಂಗಳು ಪೂರ್ತಿ ಅವರ ಉಗುರಿನ ಸಂದು ನೀಲಿಯಾಗಿರುತ್ತಿತ್ತು.

ಆ ವರ್ಷ ಮಳೆಗಾಲ ತಡವಾಯಿತು. ಕೇರಳಕ್ಕೆ ಮುಂಗಾರು ಬಂದದ್ದು ಜೂನ್ 8ಕ್ಕೆ. ಆ ಒಂದು ವಾರ ನನಗಾಗಿಯೇ ಸಿಕ್ಕಿದ ಹಾಗಿತ್ತು. ಹಿಂದಿನ ರಾತ್ರಿ ಮೈಲುತುತ್ತನ್ನು ಬಟ್ಟೆಯಲ್ಲಿ ಕಟ್ಟಿ, ಡ್ರಮ್ಮಿನ ಬಾಯಿಗೆ ಅಡ್ಡ ಇಟ್ಟ ಕೋಲಿಗೆ ನೇತು ಹಾಕಿದೆ. ಗಂಟು ನೀರಿನ ಮೇಲ್ಭಾಗದಲ್ಲೇ ಮುಳುಗಿರಬೇಕು. ಕರಗಿದ ನೀಲಿ ಭಾರವಾಗಿ ತಾನಾಗಿ ಕೆಳಗಿಳಿಯುತ್ತದೆ. ಟಾರ್ಚ್ ಹಿಡಿದು ನೋಡಿದೆ. ಗಂಟಿನಿಂದ ನೀಲಿ ಎಳೆಗಳು ಹೊಗೆಯಂತೆ ಇಳಿಯುತ್ತಿದ್ದವು. ಇಷ್ಟು ಮಾತ್ರ ಅವರು ಮಾಡುವಾಗ ನೋಡಿ ಗೊತ್ತಿತ್ತು. ಬೆಳಗ್ಗೆ ಸುಣ್ಣ ಬೇರೆ ಡ್ರಮ್ಮಿನಲ್ಲಿ ಕಲಸಿ ಸೋಸಿ, ಎರಡನ್ನೂ ಮೂರನೆಯ ಡ್ರಮ್ಮಿಗೆ ಹೊಯ್ದೆವು. ಬಾನಿನ ಬಣ್ಣದ ಹಾಲು. ನೋಡಲು ಸರಿಯಾಗಿಯೇ ಇತ್ತು. ಮದ್ದು ಬಿಡಲು ಬಂದವರು ಉದ್ದನೆಯ ದೋಟಿ ಕೋಲುಗಳನ್ನು ಜೋಡಿಸುತ್ತಿದ್ದರು. ಆಗ ನಮ್ಮಲ್ಲಿಗೆ ಇಪ್ಪತ್ತು ವರ್ಷದಿಂದ ಕೆಲಸಕ್ಕೆ ಬರುವ ಅಣ್ಣ ಹತ್ತಿರ ಬಂದು, "ಅಕ್ಕ, ಪೀಶಕತ್ತಿ ಮುಳುಗಿಸಿ ನೋಡಿದಿರಾ?" ಎಂದು ಕೇಳಿದರು.

ಪೀಶಕತ್ತಿ! ಪ್ರತಿ ವರ್ಷ ಜೂನ್ ತಿಂಗಳಲ್ಲಿ ನನ್ನ ಅಡುಗೆಮನೆಯ ಪೀಶಕತ್ತಿ ಕಾಣೆಯಾಗುತ್ತಿತ್ತು. ಆಮೇಲೆ ಸುಣ್ಣ ಮೆತ್ತಿಕೊಂಡು ಬಚ್ಚಲಿನ ಕಲ್ಲಿನ ಮೇಲೆ ಸಿಗುತ್ತಿತ್ತು. "ತರಕಾರಿ ಹೆಚ್ಚುವ ಕತ್ತಿಯೇ ಬೇಕಾ ನಿಮಗೆ?" ಎಂದು ನಾನು ಬೈಯುತ್ತಿದ್ದೆ. ಯಾತಕ್ಕೆ ಒಯ್ದಿರಿ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಓಡಿ ಹೋಗಿ ತಂದೆ. ಅಣ್ಣ ಅಲಗನ್ನು ಬೂದಿಯಲ್ಲಿ ತಿಕ್ಕಿ ಹೊಳಪು ಬರಿಸಿ ಡ್ರಮ್ಮಿಗೆ ಇಳಿಬಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಅಲಗಿನ ಮೇಲೆ ತೆಳ್ಳಗೆ ಕೆಂಪು ಹತ್ತಿತ್ತು, ತಾಮ್ರದ ಚೆಂಬಿನ ಕೆಂಪು. ಸುಣ್ಣ ಸಾಲದು ಎಂದು ಅರ್ಥ. ಬಿಡಿಯಾಗಿ ಉಳಿದ ಮೈಲುತುತ್ತಿನ ತಾಮ್ರ ಕಬ್ಬಿಣಕ್ಕೆ ಹತ್ತಿಕೊಳ್ಳುತ್ತದೆ, ಹಾಗೇ ಬಿಟ್ಟರೆ ಎಳೆಕಾಯಿ ಸುಟ್ಟುಹೋಗುತ್ತದೆ. ಕೊಟ್ಟಿಗೆಯಲ್ಲಿ ಹಿಂದಿನ ವರ್ಷ ಉಳಿದಿದ್ದ ಸುಣ್ಣವನ್ನೇ ನಾನು ತೂಗಿ ಹಾಕಿದ್ದೆ. ಗಾಳಿ ತಾಗಿ ಅದರ ಕಸುವು ಹೋಗಿತ್ತು. "ಸುಣ್ಣ ಸತ್ತಿದೆ ಅಕ್ಕ. ನಿಮ್ಮವರು ಹಳೆಯ ಸುಣ್ಣ ಮುಟ್ಟುತ್ತಿರಲಿಲ್ಲ" ಎಂದರು ಅವರು. ಪೆರ್ಲಕ್ಕೆ ಜೀಪು ಕಳಿಸಿ ಹೊಸ ಸುಣ್ಣ ತರಿಸಿದೆವು. ತಿಳಿ ಹಾಲು ಸ್ವಲ್ಪ ಸ್ವಲ್ಪವೇ ಹೊಯ್ಯುತ್ತ, ಕತ್ತಿ ಮುಳುಗಿಸುತ್ತ, ತಿಕ್ಕುತ್ತ, ಮತ್ತೆ ಮುಳುಗಿಸುತ್ತ ಹೋದೆ. ನಾಲ್ಕನೆಯ ಸಲ ಅಲಗು ಬೆಳ್ಳಗೆ ಮೇಲೆ ಬಂತು. "ಬಿಡಿ" ಎಂದೆ. ಪುಸ್ತಕ ನೋಡದೆ ನಾನು ಆ ತೋಟದಲ್ಲಿ ಕೊಟ್ಟ ಮೊದಲ ಅಪ್ಪಣೆ ಅದು. ಮಧ್ಯಾಹ್ನ ಕೈ ತೊಳೆಯುವಾಗ ಉಗುರಿನ ಸಂದು ನೋಡಿದೆ. ಎಷ್ಟು ತಿಕ್ಕಿದರೂ ನೀಲಿ ಹೋಗಲಿಲ್ಲ. ಹೋಗುವುದೂ ಬೇಡ ಎನ್ನಿಸಿತು.

ಜುಲೈ ಮೊದಲ ವಾರ ಶಾಲೆಗಳಿಗೆ ರಜೆ ಕೊಡುವಂಥ ಮಳೆ ಹೊಯ್ಯಿತು. ಎರಡನೆಯ ಮದ್ದಿಗೆ ದಿನ ಹತ್ತಿರ ಬರುತ್ತಿತ್ತು, ಮಳೆ ಬಿಡುವು ಕೊಡುತ್ತಿರಲಿಲ್ಲ. ರಾತ್ರಿ ನಿದ್ದೆ ಇಲ್ಲದೆ ಹಿಂದಿನ ಪುಸ್ತಕಗಳ ಜುಲೈ ಪುಟಗಳನ್ನು ತಿರುವುತ್ತ ಕುಳಿತೆ. 2013ರ ಪುಸ್ತಕ ಕೈಗೆ ಬಂತು. ಆ ವರ್ಷ ನಮ್ಮ ಸೀಮೆಯಲ್ಲೆಲ್ಲ ಕೊಳೆರೋಗ ವಿಪರೀತ. ನಮ್ಮ ಫಸಲೂ ಅರ್ಧಕ್ಕರ್ಧ ನೆಲಕ್ಕೆ ಬಿದ್ದಿತ್ತು. ಕೇಳಿದವರಿಗೆಲ್ಲ ಅವರು, "ಮಳೆ ಎಡೆ ಕೊಡಲೇ ಇಲ್ಲ ಮಾರಾಯರೇ, ಮದ್ದು ಬಿಡುವುದು ಹೇಗೆ?" ಎನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ಪುಸ್ತಕದಲ್ಲಿ ಜುಲೈ ಮಧ್ಯದ ಮೂರು ದಿನಗಳ ಮಳೆ ಹೀಗಿತ್ತು: 2, 0, 1. ಎಡಪುಟದಲ್ಲಿ, ಅದೇ ಮೂರು ದಿನಗಳ ಎದುರು: "ಇವಳಿಗೆ ಜ್ವರ ಬಿಟ್ಟಿಲ್ಲ. ಆಸ್ಪತ್ರೆ. ಮದ್ದು ಮುಂದಕ್ಕೆ."

ಎಡೆ ಇತ್ತು. ಅವರು ನನ್ನ ಹಾಸಿಗೆಯ ಬಳಿ ಸ್ಟೂಲಿನಲ್ಲಿ ಕುಳಿತಿದ್ದರು. ನಾಲ್ಕನೆಯ ದಿನದಿಂದ ಅಂಚಿನಲ್ಲಿ ಬರೀ ಎರಡಂಕಿ, ಮೂರಂಕಿ. ಆಮೇಲೆ ಸುಮಾರು ಹತ್ತು ವರ್ಷ ಜೊತೆಗಿದ್ದೂ ಆ ಮಾತನ್ನು ಅವರು ನನಗೆ ಹೇಳಲಿಲ್ಲ. ಆ ರಾತ್ರಿ ಪುಸ್ತಕ ಎದೆಗೆ ಹಿಡಿದು ಅತ್ತದ್ದು ಅವರು ತೀರಿಕೊಂಡ ದಿನ ಅತ್ತದ್ದಕ್ಕಿಂತ ಹೆಚ್ಚು.

ಎರಡನೆಯ ಮದ್ದು ಆರು ದಿನ ತಡವಾಗಿ, ಮಧ್ಯಾಹ್ನದವರೆಗೆ ಸಿಕ್ಕಿದ ಎರಡು ಬಿಡುವುಗಳಲ್ಲಿ ಮುಗಿಯಿತು. ಹಳೆ ತೋಟದ ಕೆರೆ ಬದಿಯಲ್ಲಿ ಸ್ವಲ್ಪ ಕೊಳೆ ಕಾಣಿಸಿತು. ಆಗಸ್ಟ್‌ನಲ್ಲಿ ಮಳೆ ಮಾಯವಾಗಿ ಅದು ಅಲ್ಲಿಗೇ ನಿಂತಿತು. ಬಲಪುಟದ ಅಂಚಿನಲ್ಲಿ ಸೊನ್ನೆಗಳನ್ನು ನಾನೇ ಬರೆದೆ.

ಇಷ್ಟೆಲ್ಲದರ ನಡುವೆ ಅಟ್ಟದಲ್ಲಿ ಹನ್ನೊಂದು ಗೋಣಿ ಇತ್ತು. 2022ರ ಫಸಲು, ಅವರೇ ಒಣಗಿಸಿ, ಸುಲಿಸಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಕೀಳು ದರ್ಜೆಯದನ್ನೆಲ್ಲ ಬೇರೆ ಮಾಡಿ, ಒಳಗೆ ಪ್ಲಾಸ್ಟಿಕ್ ಚೀಲ ಹಾಕಿ ಕಟ್ಟಿಟ್ಟ ಚಾಲಿ. ಪ್ರತಿ ಗೋಣಿಯ ಹೊಟ್ಟೆಯ ಮೇಲೆ ಕಪ್ಪು ಶಾಯಿಯಲ್ಲಿ '22' ಎಂದು ಅವರ ಕೈಬರಹ. ಹೊಸ ಅಡಿಕೆಗಿಂತ ಹಳತಕ್ಕೆ ಧಾರಣೆ ಹೆಚ್ಚು. ಇನ್ನೂ ಒಂದು ವರ್ಷ ಕಾದರೆ ಡಬಲ್ ಚೋಲ್ ಎಂಬ ಇನ್ನೂ ಹಳೆಯ ದರ್ಜೆ. ಅದಕ್ಕೆಂದೇ ಇಟ್ಟಿದ್ದರು. ಬೂಷ್ಟು ಹಿಡಿದ ಆ ಫೆಬ್ರವರಿಯ ಅಡಿಕೆಗೆ ಅರ್ಧ ಬೆಲೆಯೂ ಬರಲಿಲ್ಲ. ಬ್ಯಾಂಕಿನ ಬೆಳೆಸಾಲದ ಕಂತು ಕಟ್ಟುವಾಗ ಮಗ, "ಅಟ್ಟದ್ದು ಕೊಟ್ಟುಬಿಡುವ" ಎಂದಿದ್ದ. ನಾನು ಕೊಡಲಿಲ್ಲ. ಧಾರಣೆಗಾಗಿ ಮಾತ್ರ ಕೊಡದೆ ಇದ್ದದ್ದಲ್ಲ. ಅವರ ಕಿವಿಯ ಬಳಿ ಮಾತಾಡಿ ಒಳಗೆ ಹೋದ ಕೊನೆಯ ಅಡಿಕೆ ಅದು. ಮಳೆಗಾಲದ ಎಷ್ಟೋ ಸಂಜೆ ಅಟ್ಟ ಹತ್ತಿ ಗೋಣಿಗಳ ಬಳಿ ಕುಳಿತೆ. ಬಿಚ್ಚಿ ನೋಡಬೇಕೆನ್ನಿಸುತ್ತಿತ್ತು. "ಮಳೆಗಾಲ ಹಳತಿನ ಗೋಣಿ ಬಿಚ್ಚಬಾರದು" ಎಂದು ಪುಸ್ತಕದ ರಟ್ಟಿನ ಒಳಗೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದರು. ತಂಪು ಹೀರಿದರೆ ಹುಳ ಬೀಳುತ್ತದೆ. ಬಿಚ್ಚಲಿಲ್ಲ.

2024ರ ಫೆಬ್ರವರಿಯಲ್ಲಿ ವರ್ಷಾಂತ ಕಳೆಯಿತು. ಹೊಸ ಫಸಲು ಅಂಗಳದಲ್ಲಿತ್ತು. ಚೇಣಿಯ ಮಾತನ್ನು ಈ ಸಲ ಯಾರೂ ಎತ್ತಲಿಲ್ಲ. ಅತ್ತೆ ಒಂದು ಬೆಳಗ್ಗೆ ಕಾಫಿ ಕುಡಿಯುತ್ತ, "ಅಟ್ಟದ್ದನ್ನು ಇನ್ನು ಇಡಬೇಡ. ಮಾರಲಿಕ್ಕೆಂದೇ ಅಲ್ಲವೇ ಅವನು ಕಟ್ಟಿಟ್ಟದ್ದು?" ಎಂದರು.

ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊದ ಬದಿಯಡ್ಕ ಶಾಖೆಗೆ ಒಯ್ದೆ. ಅಡಿಕೆಗೆ ಬೆಲೆಯೇ ಇಲ್ಲದೆ ಬೆಳೆಗಾರರು ದಿಕ್ಕುಗೆಟ್ಟಿದ್ದ ಕಾಲದಲ್ಲಿ, 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಅದು ಹುಟ್ಟಿದಾಗಲೇ ಮಾವನವರು ಪಾಲು ತೆಗೆದುಕೊಂಡಿದ್ದರಂತೆ. ಆ ಸದಸ್ಯತ್ವ ಮಗನಿಗೆ ಬಂದು, ಈಗ ನನ್ನ ಹೆಸರಿಗೆ ವರ್ಗವಾಗಿತ್ತು. ನೆಲಕ್ಕೆ ಸುರಿದ ಅಡಿಕೆಯಲ್ಲಿ ಅಲ್ಲಿನವರು ಕೈಯಾಡಿಸಿ ನಾಲ್ಕು ಹೆಕ್ಕಿದರು. ಕತ್ತರಿಯಲ್ಲಿ ಸೀಳಿ ಬೆಳಕಿಗೆ ಹಿಡಿದರು. ಒಳಗೆ ಬಿಳಿಯ, ಕಂದಿನ ಗೆರೆಗಳು ಹೂವಿನ ಎಸಳಿನಂತೆ ಸ್ಪಷ್ಟವಾಗಿದ್ದವು. ಒಂದು ಹುಳವಿಲ್ಲ. "ಒಳ್ಳೆಯ ಮಾಲು ಅಕ್ಕ. ಒಣಗಿಸಿದ್ದು ಯಾರು?" ಎಂದು ಕೇಳಿದರು. "ನಮ್ಮವರು" ಎಂದೆ.

ತೂಕ ಮುಗಿದ ಮೇಲೆ ಖಾಲಿ ಗೋಣಿಗಳನ್ನು ವಾಪಸು ಕೊಟ್ಟರು. ಮನೆಗೆ ತಂದು ಕೊಡವಿ ಬಿಸಿಲಿಗೆ ಹಾಕಿದೆ. ಸಂಜೆ ಅತ್ತೆ ಅವುಗಳನ್ನು '22' ಮೇಲೆ ಬರುವಂತೆ ಒಂದರ ಮೇಲೊಂದು ಮಡಚಿಟ್ಟರು. ನಾನು ಅಂಗಳಕ್ಕೆ ಇಳಿದು ಹೊಸ ಅಡಿಕೆಯಲ್ಲಿ ನಾಲ್ಕು ಕಡೆಯಿಂದ ನಾಲ್ಕು ಹೆಕ್ಕಿ ಕಿವಿಯ ಬಳಿ ಹಿಡಿದು ಅಲುಗಿಸಿದೆ. ಮೊದಲ ಮೂರು ಮೆತ್ತಗೆ ಟಪ್ಪೆಂದವು. ನಾಲ್ಕನೆಯದು ಇನ್ನೂ ಹಸಿ. ಇನ್ನೂ ಹತ್ತು ಬಿಸಿಲು ಬೇಕು.